ಬ್ರೊಕೊಲಿಯ ಸತ್ವ ಹೆಚ್ಚುವ ಕೈಯಲ್ಲಿದೆ

ಬ್ರೊಕೊಲಿಗೆ ಆರೋಗ್ಯದ ತರಕಾರಿ ಎಂಬ ಹೆಸರು ತಂದುಕೊಟ್ಟದ್ದು ಸಲ್ಫೊರಾಫೇನ್ ಎಂಬ ಗಂಧಕಯುಕ್ತ ವಸ್ತು. ಮೂರು ದಶಕಗಳಿಂದ ಜಗತ್ತಿನ ನಾನಾ ಪ್ರಯೋಗಾಲಯಗಳು ಅದರ ಬೆನ್ನು ಬಿದ್ದಿವೆ. ಆದರೆ ಅಂಗಡಿಯಿಂದ ತಂದು ಫ್ರಿಜ್ಜಿನಲ್ಲಿಟ್ಟ ಇಡೀ ಬ್ರೊಕೊಲಿಯಲ್ಲಿ ಸಲ್ಫೊರಾಫೇನ್ ಹುಡುಕಿದರೆ ಸಿಗುವುದು ಅತ್ಯಲ್ಪ. ಚಾಕು ತಾಗಿದಾಗ ಅಥವಾ ಹಲ್ಲಿಗೆ ಸಿಕ್ಕಾಗ ಮಾತ್ರ ಅದು ಹುಟ್ಟುತ್ತದೆ. ಹೆಚ್ಚಿದ ಮೇಲೆ ಎಷ್ಟು ಹೊತ್ತು ಬಿಟ್ಟೆವು, ಎಷ್ಟು ಬೇಯಿಸಿದೆವು, ಬೇಯಿಸಿದ ನೀರನ್ನು ಬಸಿದೆವೋ ಉಳಿಸಿಕೊಂಡೆವೋ, ತಟ್ಟೆಯಲ್ಲಿ ಅದರ ಪಕ್ಕ ಏನು ಬಡಿಸಿದೆವು ಎಂಬುದರ ಮೇಲೆ ಅದು ಎಷ್ಟು ದಕ್ಕುತ್ತದೆ ಎಂಬುದು ನಿಂತಿದೆ.

ಬ್ರೊಕೊಲಿಯ ಬಗ್ಗೆ ಬರುವ ಬರಹಗಳು ಸಾಮಾನ್ಯವಾಗಿ ವಿಟಮಿನ್ನುಗಳ ಪಟ್ಟಿ ಕೊಟ್ಟು ಮುಗಿಯುತ್ತವೆ. ಆ ಪಟ್ಟಿ ಸುಳ್ಳಲ್ಲ, ಮುಂದೆ ಅದನ್ನೂ ನೋಡೋಣ. ಆದರೆ ಹೂಕೋಸಿಗಿಂತ ದುಬಾರಿ ಬೆಲೆ ತೆತ್ತು ತಂದ ತರಕಾರಿಯನ್ನು ಮೆತ್ತಗೆ ಬೇಯಿಸಿ, ನೀರು ಚೆಲ್ಲಿ ಬಡಿಸುವ ಮನೆಗಳು ಎಷ್ಟೋ ಇವೆ. ಅವರಿಗೆ ಬೇಕಿರುವುದು ಬ್ರೊಕೊಲಿ ಹೇಗೆ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆ. ಅದು ಗೊತ್ತಾದರೆ ನಮ್ಮ ಅಡುಗೆಮನೆಯಲ್ಲಿ ಈಗಾಗಲೇ ಇರುವ ಒಂದು ಡಬ್ಬಿಯ ಬೆಲೆಯೂ ಗೊತ್ತಾಗುತ್ತದೆ.

ಕೋಸಿನ ಮನೆತನ

ಎಲೆಕೋಸು, ಹೂಕೋಸು, ನವಿಲುಕೋಸು, ಕೇಲ್, ಬ್ರೊಕೊಲಿ ಇವೆಲ್ಲ ನೋಡಲು ಬೇರೆ ಬೇರೆಯಾದರೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಪ್ರಭೇದ: ಬ್ರಾಸಿಕಾ ಒಲರೇಸಿಯಾ. ಯುರೋಪಿನ ಕಡಲ ತೀರಗಳ ಒಂದು ಕಾಡುಗಿಡವನ್ನು ರೈತರು ತಲೆಮಾರುಗಳ ಕಾಲ ಆಯ್ದು ಆಯ್ದು ಬೆಳೆಸಿದರು. ಎಲೆ ದಟ್ಟವಾದದ್ದು ಎಲೆಕೋಸಾಯಿತು, ಕಾಂಡ ಊದಿದ್ದು ನವಿಲುಕೋಸಾಯಿತು, ಮೊಗ್ಗಿನ ಗೊಂಚಲು ದಪ್ಪವಾದದ್ದು ಬ್ರೊಕೊಲಿಯಾಯಿತು. ನಾವು ತಿನ್ನುವುದು ಇನ್ನೂ ಅರಳದ ಸಾವಿರಾರು ಮೊಗ್ಗುಗಳನ್ನು. ಕೊಯ್ಯಲು ತಡವಾದರೆ ಅವು ಹಳದಿ ಹೂವಾಗಿ ಬಿರಿಯುತ್ತವೆ, ಥೇಟ್ ಸಾಸಿವೆ ಹೂವಿನ ಹಾಗೆಯೇ. ಅದಕ್ಕೆ ಕಾರಣವಿದೆ. ಒಗ್ಗರಣೆಯ ಸಾಸಿವೆಯೂ ಇದೇ ಬ್ರಾಸಿಕಾ ಕುಲಕ್ಕೆ ಸೇರಿದ್ದು, ಮೂಲಂಗಿ ಇದೇ ಕುಟುಂಬದ ಇನ್ನೊಂದು ಕವಲು.

ಬ್ರೊಕೊಲಿಯನ್ನು ರೂಪಿಸಿದ್ದು ಇಟಲಿ. ಇಂದು ಹೆಚ್ಚು ಬೆಳೆಯುವ ಬಗೆಗೆ ಆ ದೇಶದ ದಕ್ಷಿಣದ ಕಲಾಬ್ರಿಯ ಪ್ರಾಂತ್ಯದ ಹೆಸರೇ ಉಳಿದಿದೆ. 1920ರ ದಶಕದಲ್ಲಿ ಸಿಸಿಲಿಯ ಮೆಸಿನಾದಿಂದ ವಲಸೆ ಹೋದ ಡಿ ಆರಿಗೊ ಸಹೋದರರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಅದನ್ನು ಬೆಳೆದು ರೈಲಿನಲ್ಲಿ ಬಾಸ್ಟನ್ನಿಗೆ ಕಳಿಸಿದ ಮೇಲೆ ಅಮೆರಿಕದ ಮಾರುಕಟ್ಟೆ ತೆರೆಯಿತು. ಭಾರತಕ್ಕೆ ಇದು ತಡವಾಗಿ ಬಂದ ಬೆಳೆ. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು ಹಿಮಾಚಲದ ಕುಲು ಕಣಿವೆಯಲ್ಲಿರುವ ಕತ್ರೈನ್ ಕೇಂದ್ರದಲ್ಲಿ ಪೂಸಾ ಕೆಟಿಎಸ್-1 ತಳಿಯನ್ನು ರೂಪಿಸಿತು. ತಂಪು ಹವೆ ಬೇಡುವ ಈ ಬೆಳೆಗೆ ನೀಲಗಿರಿಯ ಗುಡ್ಡಗಳೂ ಬೆಂಗಳೂರು ಸುತ್ತಲಿನ ಬಯಲೂ ಒಗ್ಗಿವೆ. ಚಳಿಗಾಲದಲ್ಲಿ ಬರುವ ಬ್ರೊಕೊಲಿ ಗಟ್ಟಿಯಾಗಿ, ದಟ್ಟ ಹಸಿರಾಗಿರುತ್ತದೆ.

ನೂರು ಗ್ರಾಂನಲ್ಲಿ ಏನಿದೆ?

100 ಗ್ರಾಂ ಹಸಿ ಬ್ರೊಕೊಲಿಯಲ್ಲಿ ಸುಮಾರು 89 ಗ್ರಾಂ ನೀರೇ. ಸಿಗುವ ಶಕ್ತಿ 34 ಕಿಲೊ ಕ್ಯಾಲೊರಿ. ಪ್ರೋಟೀನ್ ಸುಮಾರು 2.8 ಗ್ರಾಂ, ನಾರಿನಂಶ 2.6 ಗ್ರಾಂ, ಪೊಟ್ಯಾಸಿಯಂ ಸುಮಾರು 316 ಮಿಲಿಗ್ರಾಂ, ಫೋಲೇಟ್ 63 ಮೈಕ್ರೊಗ್ರಾಂ. ಎದ್ದು ಕಾಣುವುದು ಎರಡು ವಿಟಮಿನ್ನುಗಳು: ಸಿ ಸುಮಾರು 89 ಮಿಲಿಗ್ರಾಂ, ಕೆ ಸುಮಾರು 102 ಮೈಕ್ರೊಗ್ರಾಂ.

ಅಷ್ಟೇ ತೂಕದ ಕಿತ್ತಳೆಯಲ್ಲಿ ವಿಟಮಿನ್ ಸಿ ಸುಮಾರು 53 ಮಿಲಿಗ್ರಾಂ, ಹೂಕೋಸಿನಲ್ಲಿ 48. ಭಾರತೀಯ ವಯಸ್ಕರಿಗೆ ದಿನಕ್ಕೆ ಬೇಕಾದ ಪ್ರಮಾಣವನ್ನು ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಗೊತ್ತುಮಾಡಿದೆ. ಬೇಯಿಸಿದಾಗ ಒಂದಿಷ್ಟು ಕಳೆದುಹೋದರೂ ಒಂದು ಬಟ್ಟಲು ಬ್ರೊಕೊಲಿ ದಿನದ ಬಹುಪಾಲನ್ನು ಪೂರೈಸುತ್ತದೆ. ಇದರ ಮಹತ್ವ ನೆಗಡಿಗೆ ಮಾತ್ರ ಸೀಮಿತವಲ್ಲ. ಧಾನ್ಯ, ಬೇಳೆ, ಸೊಪ್ಪುಗಳಲ್ಲಿರುವ ಕಬ್ಬಿಣ ನಮ್ಮ ಕರುಳಿಗೆ ಸುಲಭವಾಗಿ ದಕ್ಕುವುದಿಲ್ಲ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಹೀರಿಕೊಳ್ಳುವ ಪ್ರಮಾಣ ಏರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದ ದೇಶ ನಮ್ಮದು. ರಾಗಿ ಮುದ್ದೆ, ಹುರುಳಿ ಸಾರಿನ ಜೊತೆ ಬ್ರೊಕೊಲಿ ಪಲ್ಯವೋ ನಿಂಬೆ ಹಿಂಡಿದ ಕೋಸಂಬರಿಯೋ ಇರುವುದು ರುಚಿಯ ಮಾತಷ್ಟೇ ಆಗಿ ಉಳಿಯುವುದಿಲ್ಲ.

ಕ್ಯಾಲ್ಸಿಯಂ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. 100 ಗ್ರಾಂನಲ್ಲಿ 47 ಮಿಲಿಗ್ರಾಂ ಎಂದರೆ ದೊಡ್ಡ ಮೊತ್ತವಲ್ಲ. ಹಾಲಿನಲ್ಲಿ, ನುಗ್ಗೆ ಸೊಪ್ಪಿನಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚಿದೆ. ಆದರೆ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ ಕರುಳಿಗೆ ಸಿಗದಂತೆ ಮಾಡುವ ಆಕ್ಸಲೇಟ್ ಬ್ರೊಕೊಲಿಯಲ್ಲಿ ಬಹಳ ಕಡಿಮೆ. ಹಾಗಾಗಿ ಅದರ ಕ್ಯಾಲ್ಸಿಯಂನಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ದೇಹಕ್ಕೆ ಸೇರುತ್ತದೆ. ಹಾಲಿನಿಂದ ಸೇರುವುದು ಸುಮಾರು ಮೂರರಲ್ಲಿ ಒಂದು ಪಾಲು, ಆಕ್ಸಲೇಟ್ ತುಂಬಿದ ಪಾಲಕ್‌ನಿಂದ ಶೇ 5ರ ಆಸುಪಾಸು. ಇನ್ನು ಕಣ್ಣಿನ ಅಕ್ಷಿಪಟಲದಲ್ಲಿ ನೆಲೆಸಿ ಬೆಳಕಿನ ಹಾನಿಯಿಂದ ಕಾಯುವ ಲೂಟೀನ್ ಕೂಡ ಬ್ರೊಕೊಲಿಯಲ್ಲಿದೆ. ಅದು ಕೊಬ್ಬಿನಲ್ಲಿ ಕರಗುವಂಥದ್ದು. ಎಣ್ಣೆಯ ಸೋಂಕೇ ಇಲ್ಲದ ಬರಿ ಬೇಯಿಸಿದ ತುಂಡಿಗಿಂತ ಒಂದು ಚಮಚ ಎಣ್ಣೆಯ ಒಗ್ಗರಣೆ ಬಿದ್ದ ಪಲ್ಯದಿಂದ ಅದು ಚೆನ್ನಾಗಿ ಸಿಗುತ್ತದೆ.

ಬಾಲ್ಟಿಮೋರ್‌ನ ಪ್ರಯೋಗಾಲಯ

ಈ ಪಟ್ಟಿಯಷ್ಟೇ ಆಗಿದ್ದರೆ ಬ್ರೊಕೊಲಿ ಹತ್ತರಲ್ಲಿ ಹನ್ನೊಂದನೆಯ ಒಳ್ಳೆಯ ತರಕಾರಿಯಾಗಿ ಉಳಿಯುತ್ತಿತ್ತು. ಅದರ ದೆಸೆ ತಿರುಗಿದ್ದು 1992ರಲ್ಲಿ. ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಔಷಧವಿಜ್ಞಾನಿ ಪಾಲ್ ತಲಾಲೆ ಮತ್ತು ಸಂಗಡಿಗರು, ದೇಹ ತನ್ನೊಳಗಿನ ವಿಷವಸ್ತುಗಳನ್ನು ನಿವಾರಿಸಲು ಬಳಸುವ ಕಿಣ್ವಗಳನ್ನು ಯಾವ ಆಹಾರ ಹೆಚ್ಚಿಸುತ್ತದೆ ಎಂದು ತರಕಾರಿಗಳನ್ನು ಪರೀಕ್ಷಿಸುತ್ತಿದ್ದರು. ಬ್ರೊಕೊಲಿಯ ಸಾರ ಗಮನ ಸೆಳೆಯಿತು. ಅದರಿಂದ ಅವರು ಬೇರ್ಪಡಿಸಿದ ವಸ್ತುವೇ ಸಲ್ಫೊರಾಫೇನ್.

ಅದು ಹುಟ್ಟುವ ಬಗೆ ಹೀಗೆ. ಬ್ರೊಕೊಲಿಯ ಜೀವಕೋಶಗಳಲ್ಲಿ ಗ್ಲೂಕೊರಾಫನಿನ್ ಎಂಬ ವಸ್ತು ಒಂದೆಡೆ, ಮೈರೊಸಿನೇಸ್ ಎಂಬ ಕಿಣ್ವ ಇನ್ನೊಂದೆಡೆ ಬೇರೆಯಾಗಿ ಕುಳಿತಿರುತ್ತವೆ. ಅಡಿಕೆ, ಸುಣ್ಣ, ವೀಳ್ಯದೆಲೆ ತಟ್ಟೆಯಲ್ಲಿ ಬೇರೆ ಬೇರೆ ಇರುವ ತನಕ ಬಾಯಿ ಕೆಂಪಾಗದು, ಸೇರಿಸಿ ಜಗಿದಾಗಲೇ ರಂಗೇರುತ್ತದೆ. ಇಲ್ಲೂ ಹಾಗೆಯೇ. ಕೋಶ ಒಡೆದು ಎರಡೂ ಕಲೆತಾಗ ಸಲ್ಫೊರಾಫೇನ್ ಉಂಟಾಗುತ್ತದೆ. ಗಿಡಕ್ಕೆ ಇದು ಆತ್ಮರಕ್ಷಣೆ. ಕಡಿಯಲು ಬಂದ ಹುಳುವಿಗೆ ಖಾರ ಹತ್ತಿಸುವ ಉಪಾಯ. ಮನುಷ್ಯನ ದೇಹದಲ್ಲಿ ಈ ಪುಟ್ಟ ಪೆಟ್ಟು ಎಚ್ಚರಿಕೆಯ ಗಂಟೆಯಾಗುತ್ತದೆ. ಜೀವಕೋಶದಲ್ಲಿ ಎನ್‌ಆರ್‌ಎಫ್2 ಎಂಬ ಪ್ರೋಟೀನನ್ನು ಕಟ್ಟಿಹಾಕಿರುವ ಇನ್ನೊಂದು ಪ್ರೋಟೀನಿಗೆ ಸಲ್ಫೊರಾಫೇನ್ ಅಂಟಿಕೊಳ್ಳುತ್ತದೆ. ಬಿಡುಗಡೆಯಾದ ಎನ್‌ಆರ್‌ಎಫ್2 ಕೋಶಕೇಂದ್ರಕ್ಕೆ ಹೋಗಿ ರಕ್ಷಣಾ ಕಿಣ್ವಗಳ ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ಮಾಮೂಲಿ ಆಂಟಿಆಕ್ಸಿಡೆಂಟ್ ಒಮ್ಮೆ ಕೆಲಸ ಮಾಡಿ ಖರ್ಚಾಗುತ್ತದೆ. ಹೀಗೆ ಎಚ್ಚೆತ್ತ ಕಿಣ್ವಗಳು ಸಲ್ಫೊರಾಫೇನ್ ಹೊರಹೋದ ಮೇಲೂ ಕೆಲಕಾಲ ದುಡಿಯುತ್ತವೆ.

1997ರಲ್ಲಿ ಇದೇ ತಂಡ ಮತ್ತೊಂದು ಸಂಗತಿ ಹೊರಗೆಡವಿತು. ಮೂರು ದಿನದ ಬ್ರೊಕೊಲಿ ಮೊಳಕೆಯಲ್ಲಿ ಗ್ಲೂಕೊರಾಫನಿನ್ ಪ್ರಮಾಣ ಬೆಳೆದ ಬ್ರೊಕೊಲಿಗಿಂತ 10ರಿಂದ 100 ಪಟ್ಟು ಹೆಚ್ಚಿತ್ತು. ಮುಂದಿನ ಬಹುತೇಕ ಮಾನವ ಪ್ರಯೋಗಗಳು ಮೊಳಕೆಯ ಸಾರವನ್ನೇ ಬಳಸಿದ್ದು ಇದರಿಂದಾಗಿ.

ಎಷ್ಟು ನಂಬಬೇಕು?

ಚೀನಾದಲ್ಲಿ ಶಾಂಘೈಗೆ ಹತ್ತಿರದ ಕಿಡಾಂಗ್ ಪ್ರದೇಶದಲ್ಲಿ ನಡೆದ ಅಧ್ಯಯನದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. 291 ಮಂದಿ 12 ವಾರ ಪಾಲ್ಗೊಂಡರು. ಕೆಲವರಿಗೆ ಬ್ರೊಕೊಲಿ ಮೊಳಕೆಯ ಪಾನೀಯ, ಉಳಿದವರಿಗೆ ಮೊಳಕೆಯಿಲ್ಲದ ಪಾನೀಯ. ಮೊಳಕೆಯ ಪಾನೀಯ ಕುಡಿದವರ ಮೂತ್ರದಲ್ಲಿ ಬೆಂಜೀನ್‌ನ ವಿಸರ್ಜನೆ ಶೇ 61ರಷ್ಟು, ಅಕ್ರೋಲೀನ್ ಎಂಬ ಇನ್ನೊಂದು ವಿಷವಸ್ತುವಿನದು ಶೇ 23ರಷ್ಟು ಏರಿತ್ತು. ಬೆಂಜೀನ್ ವಾಹನಗಳ ಹೊಗೆಯಲ್ಲಿರುವ, ಕ್ಯಾನ್ಸರ್ ತರಬಲ್ಲ ವಸ್ತು. ಹೊಗೆ ಕುಡಿದೇ ದಿನ ದೂಡುವ ನಮ್ಮ ಊರುಗಳಿಗೆ ಈ ಅಂಕಿ ಮುಖ್ಯವಾದದ್ದು. ಆದರೆ ಹೊಗೆಯ ವಿಷ ಹೆಚ್ಚು ಹೊರಹೋಯಿತು ಎಂಬುದು ಒಂದು ಮಾತು, ಕ್ಯಾನ್ಸರ್ ಕಡಿಮೆಯಾಯಿತು ಎಂಬುದು ಬೇರೆಯೇ ಮಾತು. ಎರಡನೆಯದನ್ನು ಆ ಅಧ್ಯಯನ ಅಳೆಯಲಿಲ್ಲ.

ಸ್ವೀಡನ್ನಿನ ವಿಜ್ಞಾನಿಗಳು 2017ರಲ್ಲಿ ಟೈಪ್-2 ಮಧುಮೇಹದ 97 ಮಂದಿಯ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಮೊಳಕೆಯ ಸಾರ 12 ವಾರ ಕೊಟ್ಟಾಗ, ಬೊಜ್ಜು ಇದ್ದು ಸಕ್ಕರೆ ಹತೋಟಿಗೆ ಬಾರದವರಲ್ಲಿ ಬರಿಹೊಟ್ಟೆಯ ಸಕ್ಕರೆ ಮತ್ತು ಕೆಲವು ತಿಂಗಳ ಸರಾಸರಿ ಸಕ್ಕರೆಯನ್ನು ತೋರುವ ಎಚ್‌ಬಿಎ1ಸಿ ಎರಡೂ ಇಳಿದವು. ಶುಭಸುದ್ದಿಯೇ. ಆದರೆ ಅವರಿಗೆ ಕೊಟ್ಟ ಪ್ರಮಾಣ ದಿನಕ್ಕೆ ಸುಮಾರು 5 ಕಿಲೊ ಬ್ರೊಕೊಲಿ ತಿಂದದ್ದಕ್ಕೆ ಸಮ. ಯಾರ ಊಟದ ತಟ್ಟೆಯೂ ಅದನ್ನು ಹೊರಲಾರದು. ಬ್ರೊಕೊಲಿ ತಿಂದು ಮಧುಮೇಹದ ಮಾತ್ರೆ ಬಿಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ.

ಊಟದ ಪ್ರಮಾಣಕ್ಕೆ ಹತ್ತಿರದ ಪ್ರಯೋಗವೂ ಇದೆ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ರಿಚರ್ಡ್ ಮಿಥೆನ್ ಮತ್ತು ತಂಡದವರು ಸಿಸಿಲಿಯ ಕಾಡುಬಗೆಯೊಂದರ ಜೊತೆ ಸಂಕರ ಮಾಡಿ, ಗ್ಲೂಕೊರಾಫನಿನ್ ಹೆಚ್ಚಿರುವ ತಳಿಯನ್ನು ರೂಪಿಸಿದರು. ಬೆನೆಫೋರ್ಟೆ ಎಂಬ ಹೆಸರಿನ ಅದು 2011ರಲ್ಲಿ ಬ್ರಿಟನ್ನಿನ ಅಂಗಡಿಗಳಿಗೆ ಬಂತು. ವಾರಕ್ಕೆ 400 ಗ್ರಾಂನಂತೆ 12 ವಾರ ತಿಂದವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಸುಮಾರು ಶೇ 6ರಷ್ಟು ಇಳಿಯಿತು. ಸಣ್ಣ ಇಳಿಕೆ ನಿಜ. ಆದರೂ ವಾರಕ್ಕೆ 400 ಗ್ರಾಂ ಎಂದರೆ ಒಂದು ಮನೆ ನಿರಾಯಾಸವಾಗಿ ಮಾಡಬಹುದಾದದ್ದು. ಔಷಧಿಯಂತೆ ತಕ್ಷಣದ ಗುಣ ಬಯಸದೆ, ವರ್ಷಗಟ್ಟಲೆ ನಡೆಯುವ ಒಳ್ಳೆಯ ಊಟದ ಭಾಗವಾಗಿ ಬ್ರೊಕೊಲಿಯನ್ನು ನೋಡಿದರೆ ಈ ಎಲ್ಲ ಪುರಾವೆಗಳೂ ಒಂದೇ ದಿಕ್ಕನ್ನು ತೋರುತ್ತವೆ.

ಒಲೆಯ ಮೇಲೆ ಆಗುವ ನಷ್ಟ

ಕಿಣ್ವಗಳು ಬಿಸಿಗೆ ಬಾಳುವುದಿಲ್ಲ. ಬ್ರೊಕೊಲಿಯ ಹೋಳುಗಳನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬಿಟ್ಟರೆ ಎರಡು ನಷ್ಟ ಒಟ್ಟಿಗೆ ಆಗುತ್ತವೆ. ಮೈರೊಸಿನೇಸ್ ಸಾಯುತ್ತದೆ, ಗ್ಲೂಕೊರಾಫನಿನ್ ಮತ್ತು ವಿಟಮಿನ್ ಸಿ ನೀರಿಗೆ ಇಳಿಯುತ್ತವೆ. ಆ ನೀರನ್ನು ಚೆಲ್ಲಿದರೆ ಹಾಗೆ ಇಳಿದದ್ದೆಲ್ಲ ಅದರ ಜೊತೆಗೇ ಹೋಗುತ್ತದೆ. ಹಸಿರು ಮಾಸಿ ಕಂದುಬಣ್ಣಕ್ಕೆ ತಿರುಗಿದ್ದರೆ ಪತ್ರಹರಿತ್ತು ತನ್ನ ಮೆಗ್ನೀಸಿಯಂ ಕಳೆದುಕೊಂಡಿದೆ ಎಂದರ್ಥ. ಗಂಧಕದ ವಾಸನೆ ಅಡುಗೆಮನೆ ತುಂಬಿದ್ದರೆ ಬೆಂದದ್ದು ಹೆಚ್ಚಾಗಿದೆ ಎಂದೇ ಲೆಕ್ಕ.

ಹಬೆಯಲ್ಲಿ ಬೇಯಿಸುವುದು ಇದಕ್ಕೆ ಒಳ್ಳೆಯ ದಾರಿ. ಇಡ್ಲಿ ಪಾತ್ರೆಯಲ್ಲಿ ನೀರು ಕುದಿಯಲು ಶುರುವಾದ ಮೇಲೆ ಹೋಳುಗಳನ್ನಿಟ್ಟು ಮೂರು ನಿಮಿಷ ಸಾಕು. ಬಣ್ಣ ಮೊದಲಿಗಿಂತ ಗಾಢ ಹಸಿರಾಗಿ, ದಂಟು ಹಲ್ಲಿಗೆ ತುಸು ಗರಿಗರಿ ಎನಿಸಬೇಕು. ಬಾಣಲೆಯಲ್ಲಿ ಸ್ವಲ್ಪ ಎಣ್ಣೆ ಹಾಕಿ ಬಾಡಿಸುವುದಾದರೂ ಸಮಯ ಅಷ್ಟೇ. ಕುಕ್ಕರ್ ಇದಕ್ಕೆ ಬೇಡ.

ಇನ್ನೊಂದು ಉಪಾಯ ಇನ್ನೂ ಸುಲಭ: ಮೊದಲು ಹೆಚ್ಚಿ, ಆಮೇಲೆ ಕಾಯಿರಿ. ಸಣ್ಣ ಹೋಳು ಮಾಡಿ ಅರ್ಧ ಗಂಟೆಗೂ ತುಸು ಹೆಚ್ಚು ಹಾಗೇ ಬಿಟ್ಟರೆ ಒಲೆಗೆ ಹೋಗುವ ಮೊದಲೇ ಕಿಣ್ವ ತನ್ನ ಕೆಲಸ ಬಹುಪಾಲು ಮುಗಿಸಿರುತ್ತದೆ. ಒಮ್ಮೆ ಉಂಟಾದ ಸಲ್ಫೊರಾಫೇನ್ ಹದವಾದ ಬಿಸಿಯನ್ನು ಕಿಣ್ವಕ್ಕಿಂತ ಚೆನ್ನಾಗಿ ತಾಳುತ್ತದೆ. ಬೇಳೆ ಬೇಯುವ ಹೊತ್ತಿಗೆ ಬ್ರೊಕೊಲಿ ಹೆಚ್ಚಿಟ್ಟರೆ ಸಮಯವೂ ಹೊಂದುತ್ತದೆ. ತೊಳೆಯುವುದನ್ನು ಮಾತ್ರ ಹೆಚ್ಚುವುದಕ್ಕೆ ಮೊದಲೇ ಮುಗಿಸಬೇಕು. ಮೊಗ್ಗಿನ ಸಂದಿಯಲ್ಲಿ ಹುಳು ಅಡಗುವುದುಂಟು. ದೊಡ್ಡ ತೆನೆಗಳಾಗಿ ಬಿಡಿಸಿ, ಉಪ್ಪು ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಮುಳುಗಿಸಿ, ಹರಿಯುವ ನೀರಿನಲ್ಲಿ ಜಾಲಿಸಿ.

ಹಸಿ ಸಾಸಿವೆಯ ನೆರವು

ಬೆಂದು ಕಿಣ್ವ ಕಳೆದುಕೊಂಡ ಬ್ರೊಕೊಲಿಗೂ ಪರಿಹಾರವಿದೆ, ಅದು ನಮ್ಮ ಸಾಸಿವೆ ಡಬ್ಬಿಯಲ್ಲಿದೆ. ಸಾಸಿವೆ ಕಾಳಿನಲ್ಲೂ ಮೈರೊಸಿನೇಸ್ ಧಾರಾಳವಾಗಿದೆ. ಹಸಿ ಸಾಸಿವೆ ರುಬ್ಬಿದಾಗ ಮೂಗಿಗೆ ಹತ್ತುವ ಘಾಟು ಆ ಕಿಣ್ವ ಕೆಲಸ ಮಾಡುತ್ತಿರುವುದರ ಗುರುತು. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದಲ್ಲಿ 12 ಆರೋಗ್ಯವಂತರಿಗೆ 200 ಗ್ರಾಂ ಬೇಯಿಸಿದ ಬ್ರೊಕೊಲಿಯನ್ನು ಒಮ್ಮೆ ಹಾಗೇ, ಇನ್ನೊಮ್ಮೆ 1 ಗ್ರಾಂ ಸಾಸಿವೆ ಪುಡಿಯ ಜೊತೆ ಕೊಟ್ಟು ನೋಡಿದರು. ಸಾಸಿವೆ ಪುಡಿ ಸೇರಿದಾಗ ದೇಹಕ್ಕೆ ದಕ್ಕಿದ ಸಲ್ಫೊರಾಫೇನ್ ನಾಲ್ಕು ಪಟ್ಟಿಗೂ ಹೆಚ್ಚು. 2018ರಲ್ಲಿ ಪ್ರಕಟವಾದ ಈ ಅಧ್ಯಯನ ಬಳಸಿದ್ದು ಕಂದು ಸಾಸಿವೆ, ಅಂದರೆ ನಮ್ಮಲ್ಲಿಯೂ ಬೆಳೆಯುವ ಬ್ರಾಸಿಕಾ ಜುನ್ಸಿಯಾ.

ಮಲೆನಾಡು, ಕರಾವಳಿಯ ಮನೆಗಳಿಗೆ ಇದನ್ನು ಬಳಸುವುದು ಹೊಸದಾಗಿ ಕಲಿಯಬೇಕಾದ ವಿದ್ಯೆಯೇನಲ್ಲ. ತೆಂಗಿನತುರಿ, ಮೆಣಸಿನಕಾಯಿ, ಹಸಿ ಸಾಸಿವೆ ರುಬ್ಬಿ ಮೊಸರಿಗೆ ಕಲೆಸಿ ಮಾಡುವ ಸಾಸಿವೆ ಅಲ್ಲಿನ ಊಟದಲ್ಲಿ ತಲೆಮಾರುಗಳಿಂದ ಇದೆ. ಮಾವಿನಹಣ್ಣು, ಅನಾನಸು, ಹಾಗಲಕಾಯಿಗೆ ಹಾಕುವ ಅದೇ ಹದಕ್ಕೆ ಹಬೆಯಲ್ಲಿ ಬೆಂದ ಬ್ರೊಕೊಲಿ ಹೋಳುಗಳನ್ನು ಆರಿಸಿ ಹಾಕಿದರೆ ರುಚಿಯೂ ಒಪ್ಪುತ್ತದೆ, ಕಿಣ್ವವೂ ಒದಗುತ್ತದೆ. ರುಬ್ಬಿದ್ದನ್ನು ಕುದಿಸಬಾರದು ಎಂಬುದೊಂದೇ ನಿಯಮ. ಕಾದ ಎಣ್ಣೆಯಲ್ಲಿ ಸಿಡಿದ ಒಗ್ಗರಣೆಯ ಸಾಸಿವೆಯಿಂದ ಪರಿಮಳ ಬರುತ್ತದೆ, ಈ ಕೆಲಸವಾಗದು. ಬ್ರೊಕೊಲಿ ಸೂಪ್ ಮಾಡುವವರು ಒಲೆಯಿಂದ ಇಳಿಸಿ, ಕುಡಿಯುವ ಬಿಸಿಗೆ ಬಂದ ಮೇಲೆ ಚಿಟಿಕೆ ಸಾಸಿವೆ ಪುಡಿ ಕದಡಲಿ. ಸೂಪಿನಲ್ಲಿ ಬೇಯಿಸಿದ ನೀರು ಉಳಿಯುವುದರಿಂದ ಕರಗಿದ ಗ್ಲೂಕೊರಾಫನಿನ್ ಕೂಡ ಅಲ್ಲೇ ಇರುತ್ತದೆ.

ಅಂಗಡಿಯಲ್ಲಿ ಸಿಗುವ ಫ್ರೋಜನ್ ಬ್ರೊಕೊಲಿಯನ್ನು ಹೆಪ್ಪುಗಟ್ಟಿಸುವ ಮೊದಲು ಬಿಸಿನೀರಿನಲ್ಲಿ ಅದ್ದಿ ತೆಗೆಯುವುದರಿಂದ ಅದರ ಕಿಣ್ವ ಆಗಲೇ ಹೋಗಿರುತ್ತದೆ. ಅದಕ್ಕೆ ಮೂಲಂಗಿಯ ಕಿಣ್ವ ಸೇರಿಸಿದರೂ ಸಲ್ಫೊರಾಫೇನ್ ಮತ್ತೆ ಉಂಟಾಗುತ್ತದೆ ಎಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಹಸಿ ಮೂಲಂಗಿ ಕೋಸಂಬರಿ ಪಕ್ಕದಲ್ಲಿದ್ದರೆ ಅದು ಬರಿ ನಂಚಿಕೆಯಲ್ಲ.

ಮಕ್ಕಳು ಒಲ್ಲೆ ಎಂದಾಗ

ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ 1990ರಲ್ಲಿ, ಚಿಕ್ಕಂದಿನಿಂದಲೂ ಬ್ರೊಕೊಲಿ ತನಗೆ ಸೇರದು, ಅಮ್ಮ ಬಲವಂತದಿಂದ ತಿನ್ನಿಸುತ್ತಿದ್ದರು, ಇನ್ನು ತಿನ್ನಲಾರೆ ಎಂದು ಬಹಿರಂಗವಾಗಿ ಹೇಳಿದ್ದರು. ಬೆಳೆಗಾರರು ಸಿಟ್ಟಿಗೆದ್ದು ರಾಜಧಾನಿಗೆ ಲಾರಿಗಟ್ಟಲೆ ಬ್ರೊಕೊಲಿ ಕಳಿಸಿದರು. ಮಗುವೊಂದು ಮುಖ ತಿರುಗಿಸಿದಾಗ ಅದನ್ನು ಹಟ ಎಂದು ಗದರುವ ಮೊದಲು ಯೋಚಿಸಬೇಕು. ಕಹಿ ಗ್ರಹಿಸುವ ಶಕ್ತಿ ಹುಟ್ಟಿನಿಂದ ಬಂದ ಜೀನ್‌ಗಳಿಗೆ ತಕ್ಕಂತೆ ಒಬ್ಬೊಬ್ಬರಲ್ಲಿ ಒಂದೊಂದು ಮಟ್ಟದಲ್ಲಿರುತ್ತದೆ, ಕೆಲವರಿಗೆ ಕೋಸಿನ ಜಾತಿಯ ತರಕಾರಿ ನಿಜಕ್ಕೂ ಬಹಳ ಕಹಿ. ಆಸ್ಟ್ರೇಲಿಯದ ಸಂಶೋಧಕರು 2021ರಲ್ಲಿ ತೋರಿಸಿದಂತೆ, ಬಾಯಿಯ ಬ್ಯಾಕ್ಟೀರಿಯಾಗಳು ಕೋಸಿನಿಂದ ದುರ್ವಾಸನೆಯ ಗಂಧಕದ ಆವಿಯನ್ನು ಉಂಟುಮಾಡುತ್ತವೆ. ಆ ಪ್ರಮಾಣ ಹೆಚ್ಚಿದ್ದ ಮಕ್ಕಳಿಗೆ ಇಷ್ಟ ಕಡಿಮೆಯಿತ್ತು.

ಇಂಥ ಮಗುವಿಗೆ ಬಲವಂತ ಬೇಡ. ಹದವಾಗಿ ಬೆಂದದ್ದನ್ನು ಕೊಂಚ ಉಪ್ಪು, ನಿಂಬೆರಸ, ಶೇಂಗಾಪುಡಿ ಅಥವಾ ಕಾಯಿತುರಿಯ ಜೊತೆ ಕೊಟ್ಟರೆ ಕಹಿ ಹಿಂದೆ ಸರಿಯುತ್ತದೆ. ಸಣ್ಣಗೆ ತುರಿದು ಅಕ್ಕಿರೊಟ್ಟಿ ಹಿಟ್ಟಿಗೆ, ಪಡ್ಡಿಗೆ ಸೇರಿಸಬಹುದು. ಆಗಾಗ, ಸ್ವಲ್ಪ ಸ್ವಲ್ಪ, ಒತ್ತಾಯವಿಲ್ಲದೆ ತಟ್ಟೆಗೆ ಬಂದದ್ದನ್ನು ಮಕ್ಕಳು ನಿಧಾನವಾಗಿ ಒಪ್ಪುತ್ತಾರೆ.

ಯಾರಿಗೆ ಎಚ್ಚರ?

ಹೃದಯದ ಕವಾಟ ಬದಲಾಯಿಸಿಕೊಂಡವರು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಬೇಕು. ವಿಟಮಿನ್ ಕೆ ಈ ಔಷಧಗಳ ವಿರುದ್ಧ ಕೆಲಸ ಮಾಡುತ್ತದೆ. ಒಂದು ವಾರ ದಿನವೂ ತಿಂದು ಮುಂದಿನ ವಾರ ಪೂರ್ತಿ ಬಿಡುವುದು ಅವರಿಗೆ ಅಪಾಯ. ತಿನ್ನುವ ಪ್ರಮಾಣ ಒಂದೇ ಸಮನಾಗಿರಬೇಕು. ಪೊಟ್ಯಾಸಿಯಂ ಮಿತಿ ಇರುವ ಮೂತ್ರಪಿಂಡದ ರೋಗಿಗಳೂ ವೈದ್ಯರ ಮಾತು ಮೀರಬಾರದು. ಥೈರಾಯ್ಡ್ ಸಮಸ್ಯೆ ಇರುವವರು ಕೋಸನ್ನು ಮುಟ್ಟಲೇಬಾರದು ಎಂಬ ಭಯ ವಿಪರೀತದ್ದು. ಅಯೋಡಿನ್‌ಯುಕ್ತ ಉಪ್ಪು ಬಳಸುವ ಮನೆಯಲ್ಲಿ, ಬೇಯಿಸಿದ ಬ್ರೊಕೊಲಿ ಊಟದ ಪ್ರಮಾಣದಲ್ಲಿ ತೊಂದರೆ ಮಾಡದು. ಹಸಿಯಾಗಿ ರಸ ಹಿಂಡಿ ದಿನವೂ ಲೋಟಗಟ್ಟಲೆ ಕುಡಿಯುವುದು ಬೇಡ. ಹೊಟ್ಟೆಯುಬ್ಬರ ಇರುವವರು ಕಡಿಮೆ ಪ್ರಮಾಣದಿಂದ ಶುರುಮಾಡಲಿ.

ಮನೆಯಲ್ಲೇ ಮೊಳಕೆ ಕಟ್ಟುವ ಉತ್ಸಾಹಿಗಳಿಗೆ ಒಂದು ಕಳಕಳಿಯ ಮಾತು. ಬಿತ್ತನೆಗೆಂದು ಮಾರುವ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿರುವುದುಂಟು, ಅದನ್ನು ತಿನ್ನಲು ಬಳಸಲೇಬಾರದು. ತಿನ್ನಲೆಂದೇ ಮಾರುವ ಬೀಜ ತಂದರೂ ಬೆಚ್ಚಗಿನ ತೇವದಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಗರ್ಭಿಣಿಯರು, ಪುಟ್ಟ ಮಕ್ಕಳು, ಇಳಿವಯಸ್ಸಿನವರು ಹಸಿ ಮೊಳಕೆಯಿಂದ ದೂರ ಇರುವುದೇ ಕ್ಷೇಮ.

ಕೊಳ್ಳುವಾಗ, ಕೊಳ್ಳಲಾಗದಿದ್ದಾಗ

ಮೊಗ್ಗು ಒತ್ತಾಗಿ, ಹಸಿರು ಅಥವಾ ನಸುನೇರಳೆ ಛಾಯೆಯಲ್ಲಿರುವ ಹೂವನ್ನು ಆರಿಸಿ. ಹಳದಿ ಇಣುಕಿದ್ದರೆ, ದಂಟಿನ ತುದಿ ಒಣಗಿದ್ದರೆ ಕೊಯ್ದು ಬಹಳ ದಿನವಾಗಿದೆ. ಕೊಯ್ದ ಮೇಲೂ ಬ್ರೊಕೊಲಿ ವೇಗವಾಗಿ ಉಸಿರಾಡುತ್ತ ತನ್ನ ಸತ್ವ ತಾನೇ ಕರಗಿಸಿಕೊಳ್ಳುತ್ತದೆ. ತಂದ ಕೂಡಲೇ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಿ. ದಂಟನ್ನು ಎಸೆಯಬೇಡಿ. ಗಟ್ಟಿ ಸಿಪ್ಪೆ ಹೆರೆದರೆ ಒಳಗಿನ ತಿರುಳು ನವಿಲುಕೋಸಿನಷ್ಟೇ ಸವಿ, ಹುಳಿಗೂ ಪಲ್ಯಕ್ಕೂ ಒದಗುತ್ತದೆ. ಎಲೆ ಸಿಕ್ಕರೆ ಸೊಪ್ಪಿನಂತೆ ಬಾಡಿಸಬಹುದು. ತಾರಸಿಯಲ್ಲಿ ಬೆಳೆಯುವವರು ನಡುಹೂವನ್ನು ಕೊಯ್ದ ಮೇಲೆ ಗಿಡವನ್ನು ಕೀಳದಿದ್ದರೆ ಪಕ್ಕದ ಕವಲುಗಳಲ್ಲಿ ಸಣ್ಣ ಹೂಗಳು ಮತ್ತೆ ಬರುತ್ತವೆ.

ಬ್ರೊಕೊಲಿ ಕೈಗೆಟುಕದ ಮನೆಯವರು ಏನನ್ನೋ ಕಳೆದುಕೊಂಡೆವೆಂದು ಕೊರಗಬೇಕಿಲ್ಲ. ಗ್ಲೂಕೊರಾಫನಿನ್ ಬ್ರೊಕೊಲಿಯಲ್ಲಿ ಹೆಚ್ಚಿರುವುದು ನಿಜ. ಆದರೆ ಅದೇ ಗುಂಪಿನ ವಸ್ತುಗಳು ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಸಾಸಿವೆ ಸೊಪ್ಪಿನಲ್ಲೂ ಇವೆ, ಅದೇ ಕಿಣ್ವವೂ ಇದೆ. ಹೆಚ್ಚಿ ಬಿಡುವ, ಹದವಾಗಿ ಬೇಯಿಸುವ, ಹಸಿ ಸಾಸಿವೆ ಬೆರೆಸುವ ನಿಯಮ ಇವಕ್ಕೆಲ್ಲ ಸಲ್ಲುತ್ತದೆ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರದಲ್ಲಿ ಮೂರು ದಿನ ಅದರ ಒಂದು ಪಾಲು ಈ ಕೋಸಿನ ಕುಟುಂಬದಿಂದ ಬರಲಿ. ಸಲ್ಫೊರಾಫೇನ್ ಹೆಸರಿನ ಮಾತ್ರೆಗಳಿಗೆ ದುಡ್ಡು ಸುರಿಯುವ ಮೊದಲು ನಾಳಿನ ಎಲೆಕೋಸಿನ ಪಲ್ಯವನ್ನು ಅರ್ಧ ಗಂಟೆ ಮುಂಚೆ ಹೆಚ್ಚಿಟ್ಟು, ಐದೇ ನಿಮಿಷ ಬಾಡಿಸಿ ನೋಡಿ. ಅದಕ್ಕೆ ಬೇಕಾದದ್ದು ತುಸು ಗಮನ ಮಾತ್ರ.